ಹಾಡು ಬಂತು, ಏಳಿ!

ನಿಮ್ಮನ್ನ ಒಂದು ಪ್ರಶ್ನೆ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಭಾನುವಾರ ಮಧ್ಯಾಹ್ನ. ಊಟ ಗಡದ್ದಾಗಿ ಆಗಿದೆ. ಮನೆಮಂದಿಯೆಲ್ಲ ಟೀವಿ ಮುಂದೆ ಕೂತು ಸಿನಿಮಾ ನೋಡ್ತಿದ್ದೀರಿ. ಹೀರೋ ಹೀರೋಯಿನ್ ಕಣ್ಣಿಗೆ ಕಣ್ಣು ಸೇರ್ತು, ಎಲ್ಲಿಂದಲೋ ತಬಲಾ ‘ತಟಕ್’ ಅಂತು, ಹಾಡು ಶುರು. ಈಗ ನೀವೇನ್ಮಾಡ್ತೀರಿ?

(ಸುಳ್ಳು ಹೇಳ್ಬೇಡಿ. ನಿಮ್ಮನೆಯವರು ಪಕ್ಕದಲ್ಲೇ ಕೂತಿದ್ದಾರೆ.)

ಏಳ್ತೀರಿ! ಅಲ್ಲೀತನಕ ಅಂಟು ಹಾಕಿ ಕೂರಿಸಿದ ಹಾಗೆ ಕೂತಿದ್ದೋರು ದಡಬಡ ಅಂತ ಏಳ್ತೀರಿ. ಒಬ್ಬರು ಬಾತ್‌ರೂಮಿಗೆ, ಒಬ್ಬರು ಒಲೆ ಮೇಲಿನ ಹಾಲಿಗೆ, ಇನ್ನೊಬ್ಬರು ಬಾಲ್ಕನಿಯಲ್ಲಿ ಒಣಗಿದ ಬಟ್ಟೆಗೆ. ಯಾರಿಗೂ ಕೆಲಸ ಇಲ್ದಿದ್ರೆ ರಿಮೋಟಿಗಂತೂ ಇದ್ದೇ ಇದೆ, ಹತ್ತತ್ತು ಸೆಕೆಂಡು ಮುಂದಕ್ಕೆ ಹಾರಿಸೋ ಕೆಲಸ. ಥಿಯೇಟರಲ್ಲಿ ಪಾಪ್‌ಕಾರ್ನ್ ಕ್ಯೂ ಇರೋದು ಇಂಟರ್ವಲ್‌ನಲ್ಲಿ ಮಾತ್ರ ಅಂದ್ಕೊಂಡಿದ್ದೀರಾ? ಡ್ಯುಯೆಟ್ ಹೊತ್ತಲ್ಲಿ ಒಮ್ಮೆ ಹೋಗಿ ನೋಡಿ.

ಈಗ ಇನ್ನೊಂದು ಪ್ರಶ್ನೆ. ಹಾಡು ಬಂದ್ರೆ ಎದ್ದೋಡೋ ಇದೇ ನೀವು ಮೊನ್ನೆ ಲಿಫ್ಟಲ್ಲಿ ನಂಗೇನಂದ್ರಿ? ‘ನಮ್ಮ ಹುಡುಗ್ರಿಗೆ ಆರ್ಟು, ಮ್ಯೂಸಿಕ್ಕು ಅಂದ್ರೆ ಟೇಸ್ಟೇ ಇಲ್ಲಾರೀ. ಈ ರಜದಲ್ಲಿ ಒಳ್ಳೊಳ್ಳೆ ಸಿನಿಮಾ ತೋರಿಸಿ ಕಲಿಸ್ಬಿಡಬೇಕು’ ಅಂದ್ರಿ. ನಾನು ‘ಹೌದ್ಹೌದು’ ಅಂತ ಗೋಣು ಹಾಕಿದೆ. ನಗು ಬರ್ತಿತ್ತು, ತಡ್ಕೊಂಡೆ. ಆ ಯಡವಟ್ಟನ್ನ ಹೋದ ವರ್ಷವೇ ಮಾಡಿ ಮುಗಿಸಿದೋಳು ನಾನು.

ಕೇಳಿ ಕಥೆ. ನಮ್ಮನೇಲಿ ಎರಡು ಮರಿಗಳು. ಮಗಳು ಏಳನೇ ಕ್ಲಾಸು, ಮಗರಾಯ ಮೂರನೇ ಕ್ಲಾಸು. ಮಗಳನ್ನ ಸಂಗೀತದ ಕ್ಲಾಸಿಗೆ ಸೇರಿಸಿದ ಮೊದಲನೇ ದಿನವೇ ಮೇಡಂನ ಕೇಳಿದ್ದೆ, ‘ಜೂನಿಯರ್ ಪರೀಕ್ಷೆಗೆ ಯಾವಾಗ ಕೂರಿಸ್ತೀರಿ?’ ಅಂತ. (ನೀವೂ ಅದನ್ನೇ ಕೇಳಿದ್ರಿ ತಾನೆ? ಗೊತ್ತು ಬಿಡಿ.) ಮಾಯಾಮಾಳವಗೌಳದ ಸರಳೆವರಸೆ ದಾಟಿ ಜಂಟಿವರಸೆಗೆ ಬರೋ ಹೊತ್ತಿಗೆ ಅವಳ ಶ್ರುತಿಪೆಟ್ಟಿಗೆ ಮಂಚದ ಕೆಳಗೆ ಸೇರ್ತು.

ಮಗನದ್ದು ಡ್ರಾಯಿಂಗು. ಎರಡು ಗುಡ್ಡ, ನಡುವೆ ಸೂರ್ಯ, ಸೂರ್ಯನ ಬುಡದಿಂದ ಹೊರಟ ಹೊಳೆ, ಹೊಳೆ ಪಕ್ಕ ಒಂದು ಗುಡಿಸಲು, ಒಂದು ತೆಂಗಿನ ಮರ, ಆಕಾಶದಲ್ಲಿ ನಾಲ್ಕು ಕಾಗೆ. ಇದೇ ಚಿತ್ರ ನಾನೂ ಬರೆದಿದ್ದೆ, ನೀವೂ ಬರೆದಿದ್ರಿ, ನಿಮ್ಮಪ್ಪನೂ ಬರೆದಿದ್ರು. ಯಾವ ಊರಿನ ಗುಡ್ಡಾನೋ ಅದು, ಯಾರೂ ಹೋಗಿ ನೋಡಿದ್ದಿಲ್ಲ.

ಸರಿ, ಸಿನಿಮಾ ತೋರಿಸಿಯೇ ಕಲಿಸೋಣ ಅಂತ ಸೊಂಟ ಕಟ್ಟಿದೆ. ಮೊದಲನೇ ಪಾಠ ‘ಸನಾದಿ ಅಪ್ಪಣ್ಣ’. ಮಕ್ಕಳ ಕೈಗೆ ಒಂದೊಂದು ನೋಟ್‌ಬುಕ್ಕು (ನಗಬೇಡಿ), ನನ್ನ ಕೈಗೆ ರಿಮೋಟು. ಅಣ್ಣಾವ್ರು ಶಹನಾಯಿ ಬಾಯಿಗಿಟ್ಟರೋ ಇಲ್ವೋ, ನಾನು ಪಾಸ್ ಒತ್ತಿದೆ. ‘ನೋಡ್ರೋ, 1977ರ ಸಿನಿಮಾ. ಊದ್ತಿರೋ ಹಾಗೆ ಕಾಣ್ಸೋದು ರಾಜ್‌ಕುಮಾರ್, ನಿಜವಾಗಿ ನುಡಿಸಿರೋದು ಉಸ್ತಾದ್ ಬಿಸ್ಮಿಲ್ಲಾ ಖಾನ್. ಭಾರತರತ್ನ. ಬರ್ಕೊಳ್ಳಿ.’

ಮತ್ತೆ ಪ್ಲೇ. ಎಂಟು ಸೆಕೆಂಡಾಗಿರಬಹುದು. ಮತ್ತೆ ಪಾಸ್. ‘ಕಾದಂಬರಿ ಬರೆದೋರು ಕೃಷ್ಣಮೂರ್ತಿ ಪುರಾಣಿಕರು. ಬರ್ಕೊಂಡ್ರಾ?’ ಮಗ ಪೆನ್ಸಿಲ್ ಕಚ್ಚುತ್ತಾ ಕೇಳಿದ, ‘ಅಮ್ಮಾ, ಇದು ಟೆಸ್ಟಿಗೆ ಬರತ್ತಾ?’

ಅಷ್ಟರಲ್ಲಿ ಮಗಳು ನಂಗೊಂದು ಬಾಂಬು ಹಾಕಿದಳು. ‘ಅಮ್ಮಾ, ಚಿಕ್ಕಪ್ಪನ ಮದುವೇಲಿ ವಾಲಗದೋರು ಊದಿದ್ರಲ್ಲ, ಅದೂ ಇದೂ ಒಂದೇನಾ?’ ಅಯ್ಯೋ ರಾಮ! ನಲವತ್ತು ಮದುವೆ ಊಟ ಮಾಡಿದೀನಿ, ಗಟ್ಟಿಮೇಳ ಗಟ್ಟಿಮೇಳ ಅಂತ ಅಕ್ಷತೆ ಎಸೆದಿದೀನಿ. ಊದೋರ ಕೈಲಿ ಏನಿತ್ತು ಅಂತ ಒಂದಿನ ನೋಡಿದ್ರೆ ಕೇಳಿ. (ನಿಮಗೆ ಗೊತ್ತಾ? ಈಗ್ಲೇ ಹೇಳಿ ನೋಡೋಣ, ಫೋನ್ ಕೆಳಗಿಟ್ಟು.)

ದಿಂಬಿನ ಮರೆಯಲ್ಲಿ ಮೊಬೈಲ್ ಹುಡುಕ್ತಿರೋವಾಗ ನಮ್ಮತ್ತೆ ಕೂತಲ್ಲಿಂದಲೇ ಅಂದ್ರು, ‘ಅದು ನಾಗಸ್ವರ ಕಣೇ ಪುಟ್ಟಿ. ಉದ್ದಕ್ಕಿರುತ್ತೆ, ಗಂಡುಗಂಟಲು, ಬೀದಿ ಕೊನೇವರೆಗೂ ಕೇಳ್ಬೇಕಲ್ಲ. ಇದು ಮೊಳದುದ್ದ, ಅಷ್ಟೆ. ಅಳೋಕೂ ಬರುತ್ತೆ ಇದಕ್ಕೆ.’ ಆಮೇಲೆ ನನ್ನ ಕಡೆ ತಿರುಗಿ, ‘ಆ ರಿಮೋಟು ಇಲ್ಲಿ ಕೊಡೇ ತಾಯಿ. ನೀನು ತೋರಿಸ್ತಿರೋದು ಸಿನಿಮಾನೋ, ಫೋಟೋ ಆಲ್ಬಮ್ಮೋ?’

ಕೊಟ್ಟೆ. ಕೊಡದೆ ಇನ್ನೇನು!

ನಮ್ಮತ್ತೆ ವಿಷಯ ನಿಮಗೆ ಹೇಳ್ಲೇಬೇಕು. ನಮ್ಮನೇಲಿ ಹಾಡು ಬಂದಾಗ ಏಳದೇ ಇರೋ ಒಂದೇ ಪ್ರಾಣಿ ಅವರು. ಮಂಡಿನೋವು ಅಂತ ನಾವೆಲ್ಲ ಅಂದ್ಕೊಂಡಿದ್ವಿ. ಅಲ್ವಂತೆ! ಅವರ ಕಾಲದಲ್ಲಿ ಟಾಕೀಸಿನ ಬಾಗಿಲಲ್ಲಿ ಸಿನಿಮಾದ ಹಾಡಿನ ಪುಸ್ತಕ ಮಾರ್ತಿದ್ರಲ್ಲ, ತೆಳ್ಳಗೆ, ನಾಲ್ಕೆಂಟು ಪುಟದ್ದು, ಅದನ್ನ ಕೊಂಡ್ಕೊಂಡೇ ಒಳಗೆ ಹೋಗ್ತಿದ್ರಂತೆ. ಟ್ರಂಕಿನಿಂದ ತೆಗೆದು ತೋರಿಸಿದ್ರು. ಹಾಳೆಗಳು ಹಪ್ಪಳದ ಹಾಗೆ ಆಗಿವೆ. ಒಂದರ ಅಂಚಿನಲ್ಲಿ ಎಣ್ಣೆಗೈ ಗುರುತು, ಇನ್ನೊಂದರ ಹಿಂದೆ ಹಾಲಿನ ಲೆಕ್ಕ.

ರಾಗದ ಹೆಸರು ಅವರಿಗೆ ಬರಲ್ಲ. ಆದ್ರೆ ಯಾವ ಹಾಡು ಕೇಳಿಸಿದ್ರೂ ‘ಇದು ಆ ಹಾಡಿನ ಧಾಟಿ’ ಅಂತ ಇನ್ನೊಂದನ್ನ ಗುನುಗ್ತಾರೆ. ಮಗಳು ಶ್ರುತಿಪೆಟ್ಟಿಗೆ ಎಳೆದು ತಂದು ಹುಡುಕಿದ್ರೆ ಬಹಳ ಸಲ ಅದೇ ಸ್ವರಗಳೇ ಸಿಗ್ತವೆ. ಮೇಡಂ ಆರೋಹಣ ಅವರೋಹಣ ಅಂತ ಎರಡು ವರ್ಷ ತಲೆಗೆ ತುಂಬಿದ್ದು ನಮ್ಮತ್ತೆಯ ಗುನುಗಲ್ಲಿ ಇಳೀತು ನೋಡಿ. (ಮೇಡಂಗೆ ಹೇಳ್ಬೇಡಿ. ಫೀಸ್ ಇನ್ನೂ ಬಾಕಿ ಇದೆ.)

ಇಷ್ಟಾದ ಮೇಲೆ ನಾನು ಸುಮ್ನಿರ್ಬೇಕಿತ್ತು. ಇದ್ನಾ? ನೀವಾಗಿದ್ರೆ ಇರ್ತಿದ್ರಾ? ‘ನಿಮ್ಮ ಕಾರ್ಟೂನ್ ಬಂದ್ ಮಾಡಿ, ಕ್ಲಾಸಿಕಲ್ ಏನಾದ್ರೂ ಕೇಳಿ’ ಅಂತ ಒಂದಿನ ಮಗನ ಮೇಲೆ ರೇಗಿದೆ. ಟೀವಿಯಲ್ಲಿ ಟಾಮು ಕರಿಕೋಟು ಹಾಕ್ಕೊಂಡು ಪಿಯಾನೋ ಮುಂದೆ ಕೂತಿತ್ತು. ಜೆರ್ರಿ ಪಿಯಾನೋ ಹೊಟ್ಟೆಯೊಳಗೆ ನಿದ್ದೆ. ಟಾಮು ಬಾರಿಸಿದ ಹಾಗೆಲ್ಲ ಅದಕ್ಕೆ ಏಟು.

ಮಗ ಕಣ್ಣೂ ತಿರುಗಿಸದೆ ಮೂಗಲ್ಲಿ ಪೂರ್ತಿ ಪೀಸು ಹಾಡ್ಕೊಂಡು ಹೋದ, ಎಲ್ಲಿ ನಿಧಾನ, ಎಲ್ಲಿ ಓಟ, ಎಲ್ಲಿ ಟಾಮ್‌ಗೆ ಬೆರಳು ಚಚ್ಚಿಸ್ಕೊಳ್ಳೋದು, ಎಲ್ಲ ತಾಳಕ್ಕೆ ಸರಿಯಾಗಿ. ನಮ್ಮೆಜಮಾನ್ರು ಆ ಕಡೆಯಿಂದ, ‘ಅದು ಕ್ಲಾಸಿಕಲ್ಲೇ ಕಣೇ, ಫ್ರಾಂಜ್ ಲಿಸ್ಟ್‌ನ ಹಂಗೇರಿಯನ್ ರ್ಯಾಪ್ಸೊಡಿ, ಎರಡನೇದು’ ಅಂದ್ರು. 1947ರ ಕಾರ್ಟೂನಂತೆ, ಆಸ್ಕರ್ ಬೇರೆ ಬಂದಿದೆಯಂತೆ. ನಾನು ಅದನ್ನ ಚಿಕ್ಕಂದಿನಿಂದ ನೂರು ಸಲ ನೋಡಿದೀನಿ. ಇಲೀನ ನೋಡಿದೀನಿ, ಬೆಕ್ಕನ್ನ ನೋಡಿದೀನಿ. ಟಾಮ್‌ನ ಬೆರಳು ಸ್ವರದ ಜೊತೆಜೊತೆಗೇ ಓಡೋದು ಕಂಡಿದ್ದು ಆವತ್ತೇ.

ನೀವು ‘ನಮ್ಮ ಮಕ್ಕಳಿಗೆ ಏನೂ ಬರಲ್ಲ’ ಅಂತೀರಲ್ಲ, ಒಂದ್ಸಲ ಅವರ ಕಾರ್ಟೂನಿಗೆ ಕಿವಿ ಕೊಡಿ. ನಾವು ಕಾಸು ಕೊಟ್ಟು ಕಲಿಸೋದು ಏನೇನು ಅಲ್ಲಿ ಪುಕ್ಕಟೆ ಹರೀತಿದೆ ಅಂತ.

ಕಥೆ ಅಂದ್ರೆ ಮಕ್ಕಳು ಬಾಯಿ ಬಿಡ್ತಾರೆ, ಹೆಸರು ಇಸವಿ ಅಂದ್ರೆ ಆಕಳಿಸ್ತಾರೆ. ಇದು ಗೊತ್ತಾಗಿದ್ದು ಭೀಮಸೇನ ಜೋಶಿಯವರಿಂದ. ನಮ್ಮ ತ.ರಾ.ಸು. ಬರೆದ ‘ಹಂಸಗೀತೆ’ ಇದೆಯಲ್ಲ, ಚಿತ್ರದುರ್ಗದ ಭೈರವಿ ವೆಂಕಟಸುಬ್ಬಯ್ಯನ ಕಥೆ, ಅದನ್ನ 1956ರಲ್ಲೇ ಹಿಂದಿಯವರು ‘ಬಸಂತ್ ಬಹಾರ್’ ಅಂತ ಸಿನಿಮಾ ಮಾಡಿದ್ರು. ಅದರಲ್ಲಿ ಆಸ್ಥಾನ ಗಾಯಕನಿಗೂ ಹೀರೋಗೂ ಹಾಡಿನ ಪಂದ್ಯ. ಆಸ್ಥಾನ ಗಾಯಕನ ಗಂಟಲು ನಮ್ಮ ಗದಗಿನ ಭೀಮಸೇನರದು, ಹೀರೋ ಗಂಟಲು ಮನ್ನಾ ಡೇ ಅವರದು. ಗೆಲ್ಲಬೇಕಾದ್ದು ಹೀರೋ!

ಮನ್ನಾ ಡೇ ಬೆವೆತು ಹೋದ್ರಂತೆ. ‘ಭೀಮಸೇನರನ್ನ ನಾನು ಹಾಡಿ ಸೋಲಿಸೋದಾ? ಊರು ಬಿಟ್ಟು ಹೋಗ್ತೀನಿ’ ಅನ್ನೋ ಮಟ್ಟಕ್ಕೆ ಬಂದಿದ್ರಂತೆ. ಈ ಕಥೆ ಹೇಳಿ ಆ ಒಂದು ಹಾಡು ಹಾಕಿದೆ, ಅಷ್ಟೆ. ನೋಟ್‌ಬುಕ್ಕಿಲ್ಲ, ಪಾಸಿಲ್ಲ. ಮಗರಾಯ ಕ್ರಿಕೆಟ್ ಮ್ಯಾಚ್ ನೋಡೋ ಹಾಗೆ ಮುಂದಕ್ಕೆ ಬಗ್ಗಿ ಕೂತ. ಮುಗಿದ ಮೇಲೆ ತೀರ್ಪು ಕೊಟ್ಟ: ‘ಇದು ಚೀಟಿಂಗ್. ಸೋತೋರೇ ಚೆನ್ನಾಗಿ ಹಾಡಿದ್ದು.’ ಇನ್ನೊಂದ್ಸಲ ಹಾಕು ಅಂದ, ಥರ್ಡ್ ಅಂಪೈರ್ ಥರ.

ಆಮೇಲೆ ಜಿ.ವಿ. ಅಯ್ಯರ್ 1975ರಲ್ಲಿ ಮಾಡಿದ ನಮ್ಮ ‘ಹಂಸಗೀತೆ’ನೂ ತೋರಿಸಿದೆ. ಅನಂತನಾಗ್ ಮುಖ, ಬಾಲಮುರಳಿಕೃಷ್ಣ ಕಂಠ. ಆ ಹಾಡಿಕೆಗೇ ಬಾಲಮುರಳಿಯವರಿಗೆ ರಾಷ್ಟ್ರಪ್ರಶಸ್ತಿ ಬಂದಿದ್ದು. ನಿಜ ಹೇಳ್ತೀನಿ, ಮಗ ಅರ್ಧಕ್ಕೇ ಮಲಗಿದ. ಸಿನಿಮಾ ನಿಧಾನ, ಅವನ ವಯಸ್ಸಿಗದು ಭಾರ. ಮಗಳು ಮಾತ್ರ ಕೂತಳು. ನಾನೂ ಕೂತೆ. (ಹಾಲು ಉಕ್ಕಿ ಹೋಯ್ತು.)

ಈ ಭೀಮಸೇನರದೇ ಇನ್ನೊಂದು ವಿಷಯ ಮಕ್ಕಳಿಗೆ ಹೇಳಿ ಪೇಚಿಗೆ ಸಿಕ್ಕಿಹಾಕ್ಕೊಂಡೆ. ಅವರು ಹುಡುಗನಾಗಿದ್ದಾಗ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿ ಹುಚ್ಚು ಹಿಡಿಸ್ಕೊಂಡು, 11ನೇ ವಯಸ್ಸಿಗೆ ಮನೆ ಬಿಟ್ಟು ಓಡಿಹೋದ್ರು, ಗುರು ಹುಡುಕ್ಕೊಂಡು. ಮಗ ಕಣ್ಣರಳಿಸಿ, ‘ಹಾಗಾದ್ರೆ ನಂಗೆ ಇನ್ನೂ ಮೂರು ವರ್ಷ ಇದೆ’ ಅಂದ. ಅವತ್ತಿನಿಂದ ಮುಂಬಾಗಿಲಿಗೆ ಮೇಲಿನ ಚಿಲಕ ಹಾಕ್ತಿದೀನಿ.

ನಮ್ಮನೆಯ ನಿಜವಾದ ಹಬ್ಬ ಅಂದ್ರೆ ‘ಗೂಪಿ ಗಾಯೇನ್ ಬಾಘಾ ಬಾಯೇನ್’. ಸತ್ಯಜಿತ್ ರಾಯ್ 1969ರಲ್ಲಿ ಮಾಡಿದ್ದು, ಕಥೆ ಅವರ ತಾತ ಉಪೇಂದ್ರಕಿಶೋರರದು. ರಾಯ್ ಹೆಸರು ಕೇಳಿದ ಕೂಡ್ಲೆ ನಿಮ್ಮ ಮುಖ ಗಂಭೀರ ಆಯ್ತಲ್ಲ, ಸ್ವಲ್ಪ ಸಡಿಲ ಬಿಡಿ. ಇದರಲ್ಲಿ ಗೂಪಿಗೆ ಹಾಡೋ ಹುಚ್ಚು, ಶ್ರುತಿ ಮಾತ್ರ ಇಲ್ಲ. ಬಾಘಾನಿಗೆ ಡೋಲಿನ ಹುಚ್ಚು, ಲಯ ಇಲ್ಲ. ಇಬ್ಬರನ್ನೂ ಊರಿಂದ ಓಡಿಸ್ತಾರೆ, ಗೂಪಿಗಂತೂ ಕತ್ತೆ ಮೇಲೆ ಮೆರವಣಿಗೆ. ಕಾಡಲ್ಲಿ ಇಬ್ಬರಿಗೂ ದೆವ್ವಗಳು ಗಂಟುಬೀಳ್ತವೆ.

ಆ ದೆವ್ವಗಳ ಕುಣಿತ ನೋಡ್ಬೇಕು ನೀವು! ಮಾತಿಲ್ಲ, ಹಾಡಿಲ್ಲ, ಬರೀ ತಾಳ. ನಾಲ್ಕು ಜಾತಿ ದೆವ್ವ. ರಾಜರ ದೆವ್ವ ಬಂದ್ರೆ ಮೃದಂಗ. ರೈತರ ದೆವ್ವಕ್ಕೆ ಖಂಜಿರ. ಟೋಪಿ ಹಾಕಿದ ದೊರೆಗಳ ದೆವ್ವ ಕೀಲಿ ಕೊಟ್ಟ ಗೊಂಬೆಗಳ ಹಾಗೆ ಸೆಟೆದು ನಡೆಯೋವಾಗ ಘಟ. ಹೊಟ್ಟೆ ಡುಬ್ಬಣ್ಣಂದಿರ ದೆವ್ವಕ್ಕೆ ಮೋರ್ಸಿಂಗು, ‘ಬೊಯ್ಯಂ ಬೊಯ್ಯಂ’ ಅಂತ. ಬಂಗಾಳದ ದೆವ್ವ ಕುಣಿಯೋದು ನಮ್ಮ ರಾಮನವಮಿ ಪೆಂಡಾಲಿನ ತಾಳವಾದ್ಯಕ್ಕೆ ಕಣ್ರೀ! ಪೆಂಡಾಲಲ್ಲಿ ತನಿಯಾವರ್ತನ ಶುರುವಾದ ಕೂಡ್ಲೆ ಪಾನಕ ಕುಡಿಯೋಕೆ ಏಳ್ತೀರಲ್ಲ ನೀವು, ಅದೇ.

ಮಗನಿಗೆ ಒಂದೇ ಏಟಿಗೆ ನಾಲ್ಕು ವಾದ್ಯದ ಸದ್ದು ತಲೇಲಿ ಕೂತ್ಬಿಡ್ತು. ಈಗ ರೇಡಿಯೋದಲ್ಲಿ ಘಟ ಕೇಳಿಸಿದ್ರೆ ‘ದೊರೆ ದೆವ್ವ ಬಂತು’ ಅಂತಾನೆ. ಯಾವ ಮೇಷ್ಟ್ರು ಹೀಗೆ ಕಲಿಸಿಯಾರು ಹೇಳಿ? ಸಿನಿಮಾ ಪೂರ್ತಿ ಕಪ್ಪುಬಿಳುಪು, ಕೊಟ್ಟಕೊನೆಗೆ ದಿಢೀರ್ ಅಂತ ಬಣ್ಣ ಬರುತ್ತೆ. ಇಬ್ಬರೂ ‘ಕಲರ್! ಕಲರ್!’ ಅಂತ ಸೋಫಾ ಮೇಲೆ ಕುಣಿದ್ರು. ಇಪ್ಪತ್ನಾಲ್ಕು ಗಂಟೆ ಬಣ್ಣದಲ್ಲೇ ಮುಳುಗಿರೋ ಮಕ್ಕಳು ಬಣ್ಣ ಕಂಡು ಕುಣಿದಿದ್ದು!

ದೆವ್ವಗಳ ರಾಜ ಅವರಿಬ್ಬರಿಗೆ ಮೂರು ವರ ಕೊಡ್ತಾನೆ. ಅದರಲ್ಲೊಂದು ಏನು ಗೊತ್ತಾ? ಅವರು ಹಾಡಿದ್ರೆ ಕೇಳಿದೋರು ಇದ್ದಲ್ಲೇ ಕಲ್ಲಿನ ಹಾಗೆ ನಿಂತ್ಬಿಡ್ತಾರೆ, ಅಲ್ಲಾಡೋ ಹಾಗಿಲ್ಲ. ಆ ವರ ಯಾರಾದ್ರೂ ನಿಮ್ಮ ಟೀವಿಗೆ ಕೊಡಿಸ್ಬೇಕು ನೋಡಿ.

ಚಿತ್ರಕಲೆ ವಿಷಯಕ್ಕೆ ಬರೋಣ. ‘ತಾರೇ ಜಮೀನ್ ಪರ್’ ನೋಡಿದ್ದೀರಿ, ಗೊತ್ತು. ಕಡೇಲಿ ಆ ಹುಡುಗ ಬಣ್ಣ ಬಳಿಯೋವಾಗ ಕರ್ಚೀಫು ಒದ್ದೆ ಮಾಡ್ಕೊಂಡ್ರಿ. ಸಮೀರ್ ಮಂಡಲ್ ಬರೆದ ಜಲವರ್ಣ ಚಿತ್ರಗಳವು, ಅದನ್ನ ನೋಡೋಕೆ ನಿಮ್ಮ ಕಣ್ಣು ಒಣಗಿದ್ರೆ ತಾನೆ? ‘ಮಕ್ಕಳ ಮೇಲೆ ಒತ್ತಡ ಹಾಕ್ಬಾರ್ದು ಕಣ್ರೀ’ ಅಂತ ಭಾನುವಾರ ರಾತ್ರಿ ಅತ್ತೋರು, ಸೋಮವಾರ ಬೆಳಿಗ್ಗೆ ಮಗನ್ನ ಅಬ್ಯಾಕಸ್ಸಿಗೆ ಬಿಟ್ಟುಬಂದ್ರಿ. ನಾನೂ ನಿಮ್ಮ ಹಿಂದಿನ ಸ್ಕೂಟರಲ್ಲೇ ಇದ್ದೆ.

ಮಗಳಿಗಂತ ಹಾಕಿದ್ದು ‘ಲವಿಂಗ್ ವಿನ್ಸೆಂಟ್’. 2017ರ ಸಿನಿಮಾ. 125 ಜನ ಕಲಾವಿದರು ಕೂತು, ಸುಮಾರು 65,000 ಫ್ರೇಮನ್ನೂ ಎಣ್ಣೆಬಣ್ಣದಲ್ಲಿ ಕೈಯಲ್ಲೇ ಬರೆದಿದ್ದು. ಬರೆಯೋದು, ಫೋಟೋ ತೆಗೆಯೋದು, ಅದರ ಮೇಲೇ ಒಂದಿಷ್ಟು ತಿದ್ದೋದು, ಮತ್ತೆ ಫೋಟೋ. (ನಾವು ಗೋಡೆಗೆ ಎರಡನೇ ಕೋಟ್ ಹೊಡೆಸೋಕೇ ಲೆಕ್ಕ ಹಾಕ್ತೀವಿ.) ವ್ಯಾನ್ ಗೋ ಹೇಗೆ ಸತ್ತ ಅಂತ ಹುಡುಕೋ ಕಥೆ, ಪುಟಾಣಿಗಳಿಗಲ್ಲ. ಆದ್ರೆ ಶುರುವಾಗೋದೇ ಆ ಸುಳಿಸುಳಿ ನಕ್ಷತ್ರದ ಆಕಾಶದಿಂದ. ಮಗ ಅಷ್ಟು ಮಾತ್ರ ನೋಡಿ ಮಲಗಿದ.

ಆವತ್ತು ರಿಮೋಟು ಮಗಳ ಕೈಲಿತ್ತು. ಒಂದು ಕಡೆ ಅವಳೇ ಪಾಸ್ ಮಾಡಿದಳು. ನಂಗೆ ಬಾಯಿ ತುರಿಸ್ತಿತ್ತು, ‘ಪೋಸ್ಟ್-ಇಂಪ್ರೆಷನಿಸಂ’ ಅನ್ನೋ ಪದ ನಾಲಿಗೆ ತುದಿವರೆಗೂ ಬಂದಿತ್ತು. ನುಂಗ್ಕೊಂಡೆ. ಅವಳು ಟೀವಿ ಹತ್ರ ಹೋಗಿ, ಮೂಗು ತಾಗಿಸೋ ಹಾಗೆ ನಿಂತು, ‘ಅಮ್ಮಾ, ಬ್ರಷ್ ಎಳೆದಿದ್ದೆಲ್ಲ ಹಾಗ್ಹಾಗೇ ಕಾಣತ್ತೆ. ನಮ್ಮ ಮಿಸ್ ಹಾಗೆ ಕಂಡ್ರೆ ಒರೆಸಿ ನೈಸ್ ಮಾಡು ಅಂತಾರೆ’ ಅಂದಳು.

ಮಾರನೇ ದಿನ ಮಗನ ಡ್ರಾಯಿಂಗ್ ಪುಸ್ತಕ ತೆಗೆದು ನೋಡ್ತೀನಿ. ಅದೇ ಎರಡು ಗುಡ್ಡ, ಅದೇ ತೆಂಗಿನ ಮರ, ಅದೇ ನಾಲ್ಕು ಕಾಗೆ. ಆಕಾಶ ಮಾತ್ರ ಗಿರಗಿರ ಸುಳಿ! ನೀಲಿ ಕ್ರೆಯಾನ್ ಮುರಿಯೋವರೆಗೂ ತಿರುವಿದಾನೆ. ಕಾಗೆಗಳು ಸುಳಿಗೆ ಸಿಕ್ಕಿ ತಲೆಕೆಳಗಾಗಿವೆ. ತಾಯಿಯಾದ ನನ್ನ ಬಾಯಿಂದ ಮೊದಲು ಬಂದ ಮಾತೇನು ಹೇಳ್ಲಾ? ‘ಲೋಯರ್ ಗ್ರೇಡ್ ಪರೀಕ್ಷೇಲಿ ಹೀಗೆ ಬರೆದ್ರೆ ಮಾರ್ಕ್ಸ್ ಕೊಡ್ತಾರಾ?’ ನಮ್ಮೆಜಮಾನ್ರು ತಲೆ ಚಚ್ಚಿಕೊಂಡ್ರು.

ಪ್ರಾಯಶ್ಚಿತ್ತಕ್ಕೆ ‘ಕಾಗಜ್ ಕೆ ಫೂಲ್’ ಸಿನಿಮಾದ ಒಂದೇ ಒಂದು ಹಾಡು ತೋರಿಸಿದೆ. ಕ್ಯಾಮರಾ ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರದು, 1959ರದು. ಖಾಲಿ ಸ್ಟುಡಿಯೋ, ಮೇಲಿಂದ ಒಂದು ಬೆಳಕಿನ ಕೋಲು ಇಳಿದಿದೆ, ಅದರಲ್ಲಿ ಧೂಳು ತೇಲ್ತಿದೆ. ಹೊರಗಿನ ಬಿಸಿಲನ್ನೇ ದೊಡ್ಡ ಕನ್ನಡಿ ಇಟ್ಟು ಒಳಗೆ ಹಾಯಿಸಿದ್ದಂತೆ. ಅಷ್ಟು ಹೇಳಿದ್ದೇ ತಡ, ಅಡುಗೆಮನೆ ಸ್ಟೀಲ್ ತಟ್ಟೆಗಳೆಲ್ಲ ಬಾಲ್ಕನಿಗೆ ಹೋದವು. ಎದುರು ಬಿಲ್ಡಿಂಗಿನ ಅಂಕಲ್ಲು ಕಣ್ಣಿಗೆ ಬೆಳಕು ಬಿತ್ತು ಅಂತ ಕಂಪ್ಲೇಂಟ್ ಕೊಟ್ರು. (ಆ ಅಂಕಲ್ ನೀವೇ ಅಲ್ವಾ?)

ದಸರಾ ರಜಕ್ಕೆ ಮೈಸೂರಿಗೆ ಹೋದಾಗ ಜಗನ್ಮೋಹನ ಅರಮನೆ ಗ್ಯಾಲರಿಗೆ ನುಗ್ಗಿದ್ವಿ. ಅಲ್ಲಿ ಹಲ್ದಣಕರ್ ಬರೆದ ದೀಪ ಹಿಡಿದ ಹೆಂಗಸಿನ ಚಿತ್ರ ಇದೆಯಲ್ಲ, ನೀವೂ ನೋಡಿದ್ದೀರಿ. ಎಷ್ಟು ಹೊತ್ತು ನೋಡಿದ್ರಿ? ‘ಬಾ ಬಾ, ಝೂ ಕ್ಲೋಸ್ ಆಗತ್ತೆ’ ಅಂತ ಕೈ ಎಳೆಯೋಕೆ ಎಷ್ಟು ಹೊತ್ತು ಬೇಕೋ ಅಷ್ಟು ತಾನೆ? ನಾನೂ ಎಳೆದೆ. ಮಗಳು ಬರಲಿಲ್ಲ. ‘ತಡಿಯಮ್ಮ, ದೀಪಕ್ಕೆ ಅಡ್ಡ ಹಿಡಿದಿರೋ ಕೈಬೆರಳ ಸಂದಿ ಕೆಂಪಗಿದೆ. ಬೆಳಕು ಅಲ್ಲಿಂದ ತೂರ್ತಿದೆ’ ಅಂದಳು. ಹೌದಲ್ಲ! ಮೂರು ಸಲ ನೋಡಿದ ಚಿತ್ರ, ಬೆರಳ ಸಂದಿ ಕಂಡಿರಲಿಲ್ಲ. ಆವತ್ತು ಝೂ ಕ್ಲೋಸ್ ಆಯ್ತು. ಹುಲಿಗೇನೂ ಬೇಜಾರಾದ ಹಾಗಿರಲಿಲ್ಲ.

ಇಷ್ಟೆಲ್ಲ ಆಗಿ ನಾನು ಸುಧಾರಿಸಿದೆ ಅಂದ್ಕೊಂಡ್ರಾ? ಮೊನ್ನೆ ಸಂಜೆ ನೀವೇ ಫೋನ್ ಮಾಡಿದ್ರಲ್ಲ, ‘ಮಕ್ಕಳಿಗೆ ಯಾವ್ಯಾವ ಸಿನಿಮಾ ತೋರಿಸ್ಬೇಕು, ಒಂದು ಲಿಸ್ಟ್ ಕಳಿಸಿ’ ಅಂತ. ನಾನು ಸೋಫಾ ಮೇಲೆ ಕಾಲು ಚಾಚಿ ಗಂಭೀರವಾಗಿ ಶುರು ಹಚ್ಕೊಂಡಿದ್ದೆ. ಅಡುಗೆಮನೆಯಲ್ಲಿ ಮಗರಾಯ ಚಕ್ಕುಲಿ ಡಬ್ಬ ಬೋರಲು ಹಾಕ್ಕೊಂಡು ಕೂತಿದ್ದ. ಮಗಳು ಖಾಲಿ ಬಿಂದಿಗೆ ತೊಡೆ ಮೇಲಿಟ್ಟು ಅದರ ಬಾಯಿಗೆ ಅಂಗೈ ಕೊಟ್ಟು, ಬಿಟ್ಟು, ‘ಗುಂ’ ಅನ್ನಿಸ್ತಿದ್ದಳು. ನಮ್ಮತ್ತೆ ಹುರಳಿಕಾಯಿ ಬಿಡಿಸ್ತಾ ಮಣೆ ಮೇಲೆ ಬೆರಳಲ್ಲಿ ತಾಳ. ‘ಈಗ ದೊರೆ ದೆವ್ವ, ಅಜ್ಜಿ ನೀನು ರೈತರ ದೆವ್ವ’ ಅಂತ ಕೂಗಾಟ.

ನಾನು ರಿಸೀವರ್‌ಗೆ ಕೈ ಅಡ್ಡ ಇಡೋದನ್ನೂ ಮರೆತು ಕಿರುಚಿದೆ: ‘ಏಯ್, ಸದ್ದು ನಿಲ್ಲಿಸ್ತೀರಾ ಇಲ್ವಾ! ಇಲ್ಲಿ ಮ್ಯೂಸಿಕ್ ವಿಷಯ ಮಾತಾಡ್ತಿರೋದು ಕಾಣಲ್ವಾ?’

ಆ ಕಡೆಯಿಂದ ನೀವು ಅಂದ್ರಿ, ‘ನಮ್ಮನೇಲೂ ಇದೇ ಗೋಳು ಕಣ್ರೀ, ಒಂದು ನಿಮಿಷ ಸುಮ್ನೆ ಕೂರಲ್ಲ. ಹ್ಞಾ, ಲಿಸ್ಟ್ ಹೇಳಿ, ಬರ್ಕೊಳ್ತೀನಿ.’